ಅದು ಬರೀ ಶಾಸ್ತ್ರವಲ್ಲ
ಅಮೆರಿಕದ ಪೌರತ್ವ ಪ್ರಮಾಣವಚನ ‘ಬರೀ ಕಾಗದದ ಶಾಸ್ತ್ರ’ ಎಂದು ಲೇಖನವೊಂದರಲ್ಲಿ ಓದಿದೆ; ಆ ಲೇಖಕರ ಮಾತನ್ನು ನಾನು ಒಪ್ಪಲಾರೆ. ಗ್ರೀನ್ ಕಾರ್ಡ್ ವಾಪಸ್ ಕೊಟ್ಟು, ಬಲಗೈ ಎತ್ತಿ, ಬೇರೆ ದೇಶದ ನಿಷ್ಠೆಯನ್ನೆಲ್ಲ ತೊರೆಯುತ್ತೇನೆ ಎಂದು ಗಟ್ಟಿಯಾಗಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಪಕ್ಕದಲ್ಲಿದ್ದ ಮೆಕ್ಸಿಕೊದ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಅಲ್ಲಿಂದಾಚೆ ನಾವು ಭಾರತದ ಪ್ರಜೆಗಳಲ್ಲ. ‘ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಎರಡೂ ಪೌರತ್ವ ಇದ್ದಂತೆ’ ಎಂದು ಅವರು ಬರೆದಿರುವುದೂ ತಪ್ಪು: ಒಸಿಐ ಇದ್ದವರು ಊರಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ (ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು). ಅಮೆರಿಕದ ಮತದಾರರ ಪಟ್ಟಿಗೆ ಸೇರುವ ಅರ್ಜಿಯನ್ನು ಪ್ರಮಾಣವಚನದ ದಿನವೇ ಅಲ್ಲೇ ತುಂಬಿಕೊಟ್ಟೆ. ಹಾಸನದಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಲು ಮಾತ್ರ ಎರಡು ದಿನ ಬೇಕಾಯಿತು.