ಏಳರಲ್ಲಿ ಮೂರು

‘ಈ ಸಲ ರಜೆಗೆ ಊರಿಗೆ ಬರುವುದಿಲ್ಲವೇ?’ ಎಂದು ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಾನು ಪಾಠ ಮಾಡುವ ಶಾಲೆ ಜೂನ್ ಕೊನೆಯಲ್ಲಿ ಮುಚ್ಚಿತು. ಅಂದಿನಿಂದ ನಾನು ಇಲ್ಲಿ ನುರಿತ ಶಿಕ್ಷಕರಿಗೆ ಕೊಡುವ ನ್ಯಾಷನಲ್ ಬೋರ್ಡ್ ಪ್ರಮಾಣಪತ್ರಕ್ಕೆ ತಯಾರಿ ನಡೆಸುತ್ತಿದ್ದೇನೆ.

ಇಲ್ಲಿ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಆಯಾ ರಾಜ್ಯ ಕೊಡುವ ಪರವಾನಗಿ ಸಾಕು. ಇದು ಅದಕ್ಕಿಂತ ಮೇಲಿನದು, ಕಡ್ಡಾಯವಲ್ಲ. ಇದನ್ನು ಕೊಡುವ ಸಂಸ್ಥೆ ಹುಟ್ಟಿದ್ದು 1987ರಲ್ಲಿ. ಮೂರು ವರ್ಷ ಪಾಠ ಮಾಡಿದ ಅನುಭವ ಇರಬೇಕು. ಒಟ್ಟು ನಾಲ್ಕು ಭಾಗ, ಭಾಗಕ್ಕೆ 475 ಡಾಲರ್ ಶುಲ್ಕ. ನಾಲ್ಕರಲ್ಲಿ ಒಂದು ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವಂಥದ್ದು. ಉಳಿದ ಮೂರೂ ನಮ್ಮ ತರಗತಿಯೊಳಗಿನಿಂದಲೇ ಬರಬೇಕು: ಮಕ್ಕಳು ಬರೆದ ಹಾಳೆಗಳು, ಕತ್ತರಿ ಹಾಕದ ಪಾಠದ ವಿಡಿಯೊ, ಅವುಗಳ ಮೇಲೆ ನಾವು ಬರೆಯುವ ವಿವರಣೆ. ಪಾಸಾದವರಿಗೆ ನಮ್ಮ ರಾಜ್ಯ ಪ್ರತಿವರ್ಷ ಹೆಚ್ಚುವರಿ ಹಣ ಕೊಡುತ್ತದೆ. ಆ ಹಣ ನನಗೂ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಐದು ವಾರಗಳಲ್ಲಿ ನನ್ನನ್ನು ಮೇಜಿನ ಮುಂದೆ ಕಟ್ಟಿ ಕೂರಿಸಿದ್ದು ಹಣವಲ್ಲ.

ಎರಡನೆಯ ಭಾಗದ ಅಭ್ಯಾಸಕ್ಕೆಂದು ಕಳೆದ ವರ್ಷದ 6ನೇ ತರಗತಿಯ ಮಕ್ಕಳ ಹಾಳೆಗಳ ನಕಲು ಇಟ್ಟುಕೊಂಡಿದ್ದೆ. ಅದರಲ್ಲಿ ಒಂದು ಹಾಳೆ. ಲೆಕ್ಕ: 2/3 + 1/4. ಹುಡುಗಿ ಬರೆದ ಉತ್ತರ 3/7. ಅಂಶಕ್ಕೆ ಅಂಶ ಕೂಡಿಸಿದ್ದಾಳೆ, ಛೇದಕ್ಕೆ ಛೇದ ಕೂಡಿಸಿದ್ದಾಳೆ. ಅದರ ಮೇಲೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ಪಕ್ಕದಲ್ಲಿ 11/12 ಎಂದು ಬರೆದಿದ್ದೇನೆ. ನೂರಾರು ಹಾಳೆಗಳ ನಡುವೆ ಅದಕ್ಕೆ ಎರಡು ಸೆಕೆಂಡ್ ಕೊಟ್ಟಿರಬಹುದು.

ಪ್ರಮಾಣಪತ್ರದ ವಿವರಣೆಯಲ್ಲಿ ಕೇಳುವುದು ಬೇರೆಯೇ. ಈ ಮಗುವಿಗೆ ಏನು ಗೊತ್ತಿದೆ? ಅದು ನಿನಗೆ ಹೇಗೆ ಗೊತ್ತು? ನೀನು ಹೇಳಿದ ಮಾತಿನಿಂದ ಮಗು ಮುಂದಿನ ಹೆಜ್ಜೆ ಇಟ್ಟಿತೇ? ಈ ಪ್ರಶ್ನೆಗಳನ್ನಿಟ್ಟುಕೊಂಡು ಆ ಹಾಳೆಯನ್ನು ಒಂದು ಬೆಳಗ್ಗೆ ಪೂರ್ತಿ ನೋಡಿದೆ. ಹಾಳೆಯ ಅಂಚಿನಲ್ಲಿ ಅವಳು ಪುಟ್ಟ ಸೊನ್ನೆಗಳನ್ನು ಬಿಡಿಸಿದ್ದಳು. ಮೂರು ಸೊನ್ನೆಗಳಲ್ಲಿ ಎರಡಕ್ಕೆ ಪೆನ್ಸಿಲಿನಿಂದ ಮಸಿ ತುಂಬಿದ್ದಳು, ಪಕ್ಕದ ನಾಲ್ಕರಲ್ಲಿ ಒಂದಕ್ಕೆ. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿ. ಮೊದಲು ಮೂರು ಸಲ ಎಸೆದು ಎರಡು ಬುಟ್ಟಿಗೆ ಬಿದ್ದರೆ, ಆಮೇಲೆ ನಾಲ್ಕು ಸಲ ಎಸೆದು ಒಂದು ಬಿದ್ದರೆ, ಒಟ್ಟು ಏಳರಲ್ಲಿ ಮೂರು! ಆಟದ ಮೈದಾನದಲ್ಲಿ ಆ ಲೆಕ್ಕ ನೂರಕ್ಕೆ ನೂರು ಸರಿ. ತಪ್ಪಾಗುವುದು ಒಂದೇ ಅಳತೆಯ ರೊಟ್ಟಿಗಳ ತುಂಡುಗಳನ್ನು ಕೂಡಿಸುವಾಗ. ‘ಮೂರನೇ ಎರಡು ಭಾಗ ಅರ್ಧಕ್ಕಿಂತ ಹೆಚ್ಚು, ಏಳನೇ ಮೂರು ಭಾಗ ಅರ್ಧಕ್ಕಿಂತ ಕಡಿಮೆ. ಕೂಡಿಸಿದ ಮೇಲೆ ಕಡಿಮೆಯಾಗಿದ್ದು ಹೇಗೆ?’ ಎಂದು ಕೇಳಿದ್ದರೆ ಅವಳೇ ಪೆನ್ಸಿಲ್ ಕೆಳಗಿಟ್ಟು ಯೋಚಿಸುತ್ತಿದ್ದಳು. ನಾನು ಕೇಳಲಿಲ್ಲ. ಈ ಸಂಗತಿ ಎಷ್ಟೋ ದಿನ ನನ್ನನ್ನು ಕೊರೆಯಿತು.

ವಿಡಿಯೊದ ಕಥೆಯೂ ಅಷ್ಟೇ. ವಸಂತದಲ್ಲಿ ಅಭ್ಯಾಸಕ್ಕೆಂದು ಚಿತ್ರೀಕರಿಸಿಕೊಂಡ ನನ್ನದೇ ಪಾಠವನ್ನು ಕೈಯಲ್ಲಿ ಗಡಿಯಾರ ಹಿಡಿದು ನೋಡಿದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮೌನವಾಗಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಬಿ.ಎಡ್. ಓದುವಾಗ ನಾನೂ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೇನೆ. ವಿಡಿಯೊದಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಹೆಚ್ಚಿನ ಸಲ ನಾನೇ ಉತ್ತರ ಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಂದು ಕೈ ಅರ್ಧ ಮೇಲೆದ್ದು ಹಾಗೆಯೇ ಕೆಳಗಿಳಿಯಿತು.

ಬೇಸಿಗೆ ಇರುವುದು ವಿಶ್ರಾಂತಿಗೆ, ಸಂಬಳವಿಲ್ಲದ ತಿಂಗಳಲ್ಲಿ ಯಾಕೆ ದುಡಿಯುತ್ತೀಯ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಇಂಥ ಕೆಲಸಕ್ಕೆ ಶಾಲೆಯ ವೇಳೆಯಲ್ಲೇ ಬಿಡುವು ಸಿಗಬೇಕು. ಆದರೆ ಸಿಗುವುದಿಲ್ಲ. ದಿನಕ್ಕೆ ಐದು ತರಗತಿ ಮುಗಿಸಿದವರಿಗೆ ಒಂದು ಹಾಳೆಯ ಮುಂದೆ ಒಂದು ಬೆಳಗ್ಗೆ ಕೂರುವ ಭಾಗ್ಯ ಎಲ್ಲಿದೆ? ಅದಕ್ಕೇ ಬೇಸಿಗೆಯಲ್ಲಿ ಕೂತಿದ್ದೇನೆ.

ಇದನ್ನು ಓದುತ್ತಿರುವ ಕರ್ನಾಟಕದ ಶಿಕ್ಷಕ ಗೆಳೆಯರು ನಿಟ್ಟುಸಿರು ಬಿಡುತ್ತಾರೆಂದು ಗೊತ್ತು. ನಿಮ್ಮ ಏಪ್ರಿಲ್, ಮೇ ತಿಂಗಳುಗಳು ಮೌಲ್ಯಮಾಪನಕ್ಕೆ, ಚುನಾವಣೆ ಬಂದರೆ ಚುನಾವಣೆಗೆ, ಗಣತಿ ಬಂದರೆ ಗಣತಿಗೆ ಹೋಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ತರಬೇತಿ ಮತ್ತು ರಾಷ್ಟ್ರಮಟ್ಟದ ವೃತ್ತಿ ಮಾನದಂಡಗಳ ಮಾತಾಡಿದೆ. ಮಾನದಂಡ ಬರಲಿ, ನನಗೆ ಸಂತೋಷವೇ. ಆದರೆ ಅದು ಮತ್ತೊಂದು ನಮೂನೆ, ಮತ್ತೊಂದು ಆ್ಯಪ್, ಮತ್ತೊಂದು ಹಾಜರಾತಿ ಪಟ್ಟಿಯಾಗಿ ಬರಬಾರದು. ಆ 50 ಗಂಟೆಗಳಲ್ಲಿ ಹತ್ತೇ ಗಂಟೆ ಸಾಕು, ಶಿಕ್ಷಕರು ತಮ್ಮ ಮಕ್ಕಳ ನೋಟುಪುಸ್ತಕಗಳನ್ನು ತಂದು ನಾಲ್ಕು ಜನ ಸುತ್ತ ಕೂತು, ‘ಈ ಮಗು ಹೀಗೇಕೆ ಯೋಚಿಸಿತು?’ ಎಂದು ಮಾತಾಡಲು ಬಿಡಲಿ. ಅದಕ್ಕೆ ಪ್ರೊಜೆಕ್ಟರ್ ಬೇಡ, ಸಂಪನ್ಮೂಲ ವ್ಯಕ್ತಿಯ ಭಾಷಣ ಬೇಡ. ನಾನು ಇಲ್ಲಿ ಸುಮಾರು ಎರಡು ಸಾವಿರ ಡಾಲರ್ ಕಟ್ಟಿ ಕಲಿಯುತ್ತಿರುವುದು ಅದನ್ನೇ. ಹೈಸ್ಕೂಲಿನ ಜಗಲಿಯ ಮೇಲೆ ಪುಕ್ಕಟೆಯಾಗಿ ಆಗುವ ಕೆಲಸ ಅದು.

ಸೆಪ್ಟೆಂಬರ್ ಮೊದಲ ವಾರ ಶಾಲೆ ತೆರೆಯುತ್ತದೆ. ಆ ಹುಡುಗಿ ಈಗ 7ನೇ ತರಗತಿ, ನನ್ನ ಕೋಣೆಯಿಂದ ಮೂರು ಬಾಗಿಲು ಆಚೆ. ಹಾಳೆಯ ನಕಲನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮೊದಲ ದಿನವೇ ಹೋಗಿ ಅಂಚಿನ ಸೊನ್ನೆಗಳನ್ನು ತೋರಿಸಿ, ಇದನ್ನು ಹೇಗೆ ಯೋಚಿಸಿದೆ, ನನಗೆ ಹೇಳುತ್ತೀಯಾ ಎಂದು ಕೇಳಬೇಕು. ಕೇಳಿ, ಕಾಯಬೇಕು.