ಜೇನು ಪಾಸಾ, ಫೇಲಾ?

ಈ ಸಲ ಆಟಿ 18ಕ್ಕೆ, ಅಂದರೆ ಕೊಡಗಿನಲ್ಲಿ ಕಕ್ಕಡ ಅನ್ನುವ ಮಳೆಗಾಲದ ತಿಂಗಳ 18ನೇ ದಿನದ ಹಬ್ಬಕ್ಕೆ, ನಮ್ಮ ಮನೆಯಲ್ಲಿ ಮದ್ದುಸೊಪ್ಪಿನ ಪುಟ್ಟು ಇತ್ತು. ತುಪ್ಪ ಇತ್ತು. ಕಾಯಿತುರಿ ಇತ್ತು. ಜೇನಿನ ಬಾಟಲಿಯೂ ಇತ್ತು. ಅದರೊಳಗೆ ಜೇನು ಮಾತ್ರ ಇರಲಿಲ್ಲ. ಅದು ವಿಜ್ಞಾನಕ್ಕೆ ಹೋಗಿತ್ತು.

ವಿಜ್ಞಾನ ಅಂದರೆ ನನ್ನ ಭಾವ. ಅಕ್ಕನ ಗಂಡ. ಜೋರು ಮಳೆಗೆ ತೋಟದ ಕೆಲಸ ನಿಂತು, ಅವರ ಕಡೆ ಕರೆಂಟೂ ಹೋದರೆ, ಭಾವ ಜೀಪು ಹತ್ತಿ ನಮ್ಮ ಮನೆಗೆ ಬರುತ್ತಾರೆ. ಇಲ್ಲಿ ಯುಪಿಎಸ್ ಇದೆ. ಫೋನು ಚಾರ್ಜಾಗುತ್ತದೆ. ತಡೆದು ನಿಂತಿದ್ದ ವಿಡಿಯೋಗಳೆಲ್ಲ ದಬದಬ ಬಂದು ಬೀಳುತ್ತವೆ. ಆಮೇಲೆ ಅವರು ಕನ್ನಡಕ ಹಣೆಗೇರಿಸಿ, ಅಡುಗೆಮನೆ ಕಟ್ಟೆ ಹತ್ತಿರ ಬಂದು ನಿಂತು, "ನೋಡೇ ಬಿಡೋಣ" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಅತ್ತೆ ಒಳ್ಳೆ ಪಾತ್ರೆಗಳನ್ನೆಲ್ಲ ಒಳಗಿಡುತ್ತಾರೆ.

ಈ ಸಲದ ವಿಡಿಯೋ "ಅಸಲಿ ಜೇನು ಕಂಡುಹಿಡಿಯುವುದು ಹೇಗೆ". ನಿಮಗೂ ಬಂದಿರುತ್ತದೆ, ಅಲ್ವಾ? ಭಾಗಮಂಡಲದ ಕಡೆ ನಾಲ್ಕೈದು ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಪರಿಚಯದವರಿಂದ ನಾನು ಹೇಳಿ ತರಿಸಿದ್ದ ತುಡುವೆ ಜೇನದು. ಹಬ್ಬಕ್ಕೆ ಅಂತಲೇ ಎತ್ತಿಟ್ಟಿದ್ದೆ. ಭಾವನಿಗೆ ಬೇಕಾದದ್ದು ಪರೀಕ್ಷೆಗೆ ಕೂರಿಸಲು ಒಬ್ಬ ಅಭ್ಯರ್ಥಿ. ಕಪಾಟಿನಲ್ಲಿ ಸಿಕ್ಕಿತು.

ಮೊದಲು ಬೆಂಕಿಕಡ್ಡಿ ಪರೀಕ್ಷೆ. ಕಡ್ಡಿಯ ತಲೆ ಜೇನಿನಲ್ಲಿ ಅದ್ದಿ ಗೀರಬೇಕಂತೆ. ಹೊತ್ತಿದರೆ ಅಸಲಿ, ಹೊತ್ತದಿದ್ದರೆ ನಕಲಿ. ಭಾವ ಅದ್ದಿದರು, ಗೀರಿದರು. ಹೊತ್ತಲಿಲ್ಲ. ಮತ್ತೊಂದು. ಅದೂ ಇಲ್ಲ. "ಕಲಬೆರಕೆ" ಅಂತ ತೀರ್ಪು ಬಂತು. ನಾನು ಅದೇ ಪೊಟ್ಟಣದಿಂದ ಜೇನು ಸೋಕದ ಕಡ್ಡಿ ತೆಗೆದು ಗೀರಿದೆ. ಅದೂ ಹೊತ್ತಲಿಲ್ಲ. ಹೊತ್ತುವುದಾದರೂ ಹೇಗೆ? ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಪೊಟ್ಟಣದ ಪಟ್ಟಿಯಲ್ಲಿ ಕೆಂಪು ರಂಜಕ. ಎರಡಕ್ಕೂ ಒದ್ದೆ ಅಂದರೆ ಆಗದು. ಜುಲೈ ತಿಂಗಳಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಡಬ್ಬಿಗೆ ಹಾಕಿಡದ ಬೆಂಕಿಪೊಟ್ಟಣ ಹೊತ್ತಿದ ಮನೆ ಕೊಡಗಿನಲ್ಲಿ ಯಾವುದಿದೆ?

"ಹಾಗಲ್ಲ ಅದು" ಅಂದರು ಭಾವ.

ಈ "ಹಾಗಲ್ಲ ಅದು" ಬಗ್ಗೆ ಸ್ವಲ್ಪ ಹೇಳಬೇಕು. ಭಾವನ ಎಲ್ಲಾ ಪ್ರಯೋಗಗಳೂ "ನೋಡೇ ಬಿಡೋಣ"ದಿಂದ ಶುರುವಾಗಿ "ಹಾಗಲ್ಲ ಅದು"ಗೆ ಬಂದು ನಿಲ್ಲುತ್ತವೆ. ನಡುವೆ ಏನೇ ನಡೆದರೂ ವಿಡಿಯೋದವನು ಹೇಳಿದ್ದು ಸುಳ್ಳಾಗುವುದಿಲ್ಲ. ಕಡ್ಡಿ ಸರಿ ಇರುವುದಿಲ್ಲ, ಲೋಟ ಸರಿ ಇರುವುದಿಲ್ಲ, ನಾನು ಸರಿ ಇರುವುದಿಲ್ಲ. ಹೇಳುವಾಗ ಎಡಗೈ ಎತ್ತಿ, ಜೀಪನ್ನು ಹಿಂದಕ್ಕೆ ತೆಗೆಯುವವನಿಗೆ "ನಿಲ್ಸು ನಿಲ್ಸು" ಅಂತ ತೋರಿಸುತ್ತಾರಲ್ಲ, ಹಾಗೆ ಕೈ ಆಡಿಸುತ್ತಾರೆ. ಅಲ್ಲಿಗೆ ಹಳೆ ನಿಯಮ ರದ್ದು, ಹೊಸ ನಿಯಮ ಜಾರಿ. ಅಕ್ಕ ಇದರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ. ಅವಳಿಗೆ ಯಾರಾದರೂ ಸನ್ಮಾನ ಮಾಡಬೇಕು.

ಹೊಸ ನಿಯಮ ಏನೆಂದರೆ, ಕಡ್ಡಿಯನ್ನು ಗ್ಯಾಸ್ ಒಲೆಯ ಉರಿಗೇ ಹಿಡಿಯುವುದು. ಹಿಡಿದರು. ಚಟಚಟ ಅಂದು ಹೊತ್ತಿಕೊಂಡಿತು. "ನೋಡಿದ್ಯಾ? ಅಸಲಿ!" ನಾನು ಇನ್ನೊಂದು ಕಡ್ಡಿಯನ್ನು ಬರೀ ನೀರಿನಲ್ಲಿ ಅದ್ದಿ ಅದೇ ಉರಿಗೆ ಹಿಡಿದೆ. ಅದೂ ಚಟಚಟ ಅಂದು ಹೊತ್ತಿತು. ಅಂದರೆ ನಮ್ಮ ಬಾವಿಯಲ್ಲಿರುವುದೂ ಅಸಲಿ ಜೇನೇ. ಭಾವನ ಎಡಗೈ ಮೇಲಕ್ಕೆ ಹೋಯಿತು.

ಆಮೇಲೆ ಪೇಪರ್ ಪರೀಕ್ಷೆ. ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಅಸಲಿ ಜೇನು ಹೀರಿಕೊಳ್ಳುವುದಿಲ್ಲ, ಹಿಂದುಗಡೆ ಒದ್ದೆಯಾಗುವುದಿಲ್ಲವಂತೆ. ಅವತ್ತಿನ ದಿನಪತ್ರಿಕೆ ಗೇಟಿಗೆ ಬರುವಾಗಲೇ ಹಿಂದೆ ಮುಂದೆ ಎರಡೂ ಕಡೆ ಒದ್ದೆ. ಅದನ್ನು ಹಂಚಿನ ಮೇಲೆ ಒಣಗಿಸಲು ಹೋಗಿ ಕ್ರೀಡಾಪುಟ ಸುಟ್ಟಿತು. ನಮ್ಮವರು ಒಂದು ಮಾತೂ ಆಡದೆ ಹೊರಗೆ ಹೋಗಿ ಕೂತರು.

ನನಗೂ ಹಟ ಬಂತು. ಪರೀಕ್ಷೆ ಅಂದಮೇಲೆ ಖಂಡಿತ ನಕಲಿ ಅಂತ ಗೊತ್ತಿರುವ ಒಂದು ಜೇನೂ ಪಕ್ಕದಲ್ಲಿ ಇರಬೇಕು ತಾನೇ? ಸಕ್ಕರೆಗೆ ಸ್ವಲ್ಪ ನೀರು, ನಾಲ್ಕು ಹನಿ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕುದಿಸಿದೆ. ನಿಂಬೆಯ ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಜೇನಿನಲ್ಲಿ ಇರುವುದೂ ಮುಖ್ಯವಾಗಿ ಇವೆರಡೇ. 100ರಲ್ಲಿ ಹೆಚ್ಚುಕಮ್ಮಿ 80 ಭಾಗ ಸಕ್ಕರೆ, ಉಳಿದದ್ದು ಬಹುಪಾಲು ನೀರು. ಎರಡು ಬಟ್ಟಲಿಗೆ ಎರಡನ್ನೂ ಹಾಕಿ, ಯಾವುದು ಯಾವುದು ಅಂತ ಹೇಳದೆ ಭಾವನ ಮುಂದಿಟ್ಟೆ.

ಇದು ನೀರಿನ ಪರೀಕ್ಷೆ. ಲೋಟದ ನೀರಿಗೆ ಬಿಟ್ಟಾಗ ಅಸಲಿ ಜೇನು ಕರಗದೆ ಸೀದಾ ತಳಕ್ಕೆ ಹೋಗಬೇಕು. ತುಡುವೆ ಜೇನು ಹುಟ್ಟಾ ಸ್ವಲ್ಪ ತೆಳು. ಮೇಲಾಗಿ ಈ ಹವೆಯಲ್ಲಿ ಮುಚ್ಚಳ ತೆಗೆದಿಟ್ಟರೆ ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ಬೆಳಿಗ್ಗೆಯಿಂದ ಮುಚ್ಚಳ ಭಾವನ ಜೇಬಿನಲ್ಲೇ ಇತ್ತು. ಪಾಪ, ಅಸಲಿ ಜೇನು ನೀರಿಗೆ ಬಿದ್ದದ್ದೇ ಎಳೆಎಳೆಯಾಗಿ ಹರಡಿಕೊಂಡಿತು. ನನ್ನ ಸಕ್ಕರೆ ಪಾಕ ಗಟ್ಟಿಯಾಗಿತ್ತು. ಗಂಭೀರವಾಗಿ ತಳಕ್ಕೆ ಹೋಗಿ ಕೂತಿತು.

ಭಾವ ಬೆರಳಿಗೆ ಪಾಕ ಹಚ್ಚಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. "ಇದು ಮಾರಾಯ್ತಿ ಜೇನು ಅಂದ್ರೆ! ಕಾಡಿಂದು. ಹೆಜ್ಜೇನು ಇರ್ಬೇಕು. ಗಂಟಲಲ್ಲಿ ಒಂಥರಾ ಹುಳಿ ಹಿಡಿತದಲ್ಲ, ಅದೇ ಗುರುತು" ಅಂದರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಹಿತ್ತಿಲ ಕಡೆ ಹೋದರು. ಭಾವ ಇನ್ನೊಂದು ಬೆರಳು ನೆಕ್ಕಿ, ಎಲ್ಲಿಂದ ತರಿಸಿದ್ದು, ಕೆಜಿಗೆ ಎಷ್ಟು, ಅಕ್ಕನಿಗೂ ಎರಡು ಬಾಟಲಿ ಹೇಳು ಅಂತೆಲ್ಲ ಕೇಳಿದರು. ನಾನು ಪಾಕದ ಪಾತ್ರೆ ತೋರಿಸಿದೆ. ಅಂಚಿಗೆ ನಿಂಬೆಬೀಜ ಅಂಟಿಕೊಂಡಿತ್ತು. ಅವರು ಬೀಜವನ್ನು ನೋಡಿದರು, ನನ್ನನ್ನು ನೋಡಿದರು. ಎಡಗೈ ಎತ್ತಿದರು.

ಇನ್ನು ನಾಯಿ. ಶುದ್ಧ ಜೇನನ್ನು ನಾಯಿ ಮೂಸಿಯೂ ನೋಡುವುದಿಲ್ಲವಂತೆ. ನಮ್ಮ ನಾಯಿ ಎರಡೂ ತಟ್ಟೆ ನೆಕ್ಕಿ, ಭಾವನ ಕಾಲ ಹೆಬ್ಬೆರಳನ್ನೂ ನೆಕ್ಕಿತು. "ಇದು ಜಾತಿ ನಾಯಿ ಅಲ್ಲ." ಇರುವೆ ಬರುವುದಿಲ್ಲ ಅಂತ ಇನ್ನೊಂದಿತ್ತು. ಕಟ್ಟೆ ಮೇಲಿನ ಸಾಲು ಇವತ್ತಿಗೂ ಇದೆ, ಬೇಕಾದರೆ ಬಂದು ನೋಡಿ. ಹೋದ ಚಳಿಗಾಲ ಇದೇ ಮನುಷ್ಯ, ತಳದಲ್ಲಿ ಹರಳು ಕಟ್ಟಿದೆ, ಸಕ್ಕರೆ ಬೆರೆಸಿದ್ದಾರೆ ಅಂತ ಅಕ್ಕನ ಮನೆಯಲ್ಲಿ ಒಂದಿಡೀ ಬಾಟಲಿಯನ್ನು ತೋಟಕ್ಕೆ ಚೆಲ್ಲಿದ್ದರು. ಜೇನಿನ ಗ್ಲೂಕೋಸ್ ಹರಳಾಗುವುದು 14 ಡಿಗ್ರಿಯ ಆಸುಪಾಸಿನಲ್ಲಿ ಎಲ್ಲಕ್ಕಿಂತ ಜೋರು. ಮಡಿಕೇರಿಯ ಚಳಿ ಅದಕ್ಕೆ ಹೇಳಿ ಮಾಡಿಸಿದ್ದು. ಬಿಸಿನೀರಿನಲ್ಲಿ ಬಾಟಲಿ ಇಟ್ಟಿದ್ದರೆ ಕರಗುತ್ತಿತ್ತು.

ನಮ್ಮಜ್ಜ ಬೆಂಕಿಕಡ್ಡಿ ಗೀರಿದ್ದು ನಾನು ನೋಡಿಲ್ಲ. ತೋಟದ ಅಂಚಿನಲ್ಲಿ, ಕಿತ್ತಳೆ ಮರಗಳ ಕೆಳಗೆ ಅವರ ಪೆಟ್ಟಿಗೆಗಳಿದ್ದವು. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಆ ಕಡೆ ಹೋದರೆ ಕಿವಿ ತುಂಬಾ ಸದ್ದು. ಅಜ್ಜ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ಮೂಸಿ, ಇದು ಕಾಫಿದು, ಇದು ನೇರಳೆದು, ಸ್ವಲ್ಪ ಕಹಿ ಇರ್ತದೆ ನೋಡು ಅಂತ ನಮ್ಮ ನಾಲಿಗೆಗೂ ಸವರುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲನ್ನು ಗುಡಿಸಿ ಹಾಕಿದ ರೋಗ ಅದು. ಮರಿಗಳು ಗೂಡಿನ ಕೋಣೆಯಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ಅಜ್ಜ ಆಮೇಲೂ ಬಹಳ ಕಾಲ ಖಾಲಿ ಪೆಟ್ಟಿಗೆಗಳ ಮುಚ್ಚಳ ತೆಗೆದು ಒರೆಸಿ, ಇರುವೆ ಹತ್ತದಂತೆ ಕಾಲಿನ ಬಟ್ಟಲುಗಳಿಗೆ ನೀರು ತುಂಬಿಸುತ್ತಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಈಗಿನ ಕಲಬೆರಕೆ ಅಡುಗೆಮನೆಗೆ ಸಿಗುವಂಥದ್ದೇ ಅಲ್ಲ. 2020ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ, ನಮ್ಮಲ್ಲಿನ ಮಾಮೂಲಿ ಪರೀಕ್ಷೆಗಳನ್ನು ದಾಟಿದ್ದರಲ್ಲೂ ಹಲವು ಜರ್ಮನಿಯ ಲ್ಯಾಬಿನಲ್ಲಿ, ಅಣುಗಳ ಮಟ್ಟದಲ್ಲಿ ಜಾಲಾಡುವ ಎನ್‌ಎಂಆರ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವು. ಲ್ಯಾಬಿನ ಕಣ್ಣಿಗೇ ಮಣ್ಣೆರಚುವ ಪಾಕ ನಮ್ಮ ಬೆಂಕಿಕಡ್ಡಿಗೆ ಹೆದರುತ್ತದಾ? ಇದನ್ನು ಭಾವನಿಗೆ ಹೇಳಿದೆ. ಎನ್‌ಎಂಆರ್ ಮಷೀನು ಮೈಸೂರಿನಲ್ಲಿ ಬಾಡಿಗೆಗೆ ಸಿಗಬಹುದಾ ಅಂತ ಕೇಳಿದರು.

ಇಷ್ಟೆಲ್ಲ ಪರೀಕ್ಷೆ ಮಾಡುವ ಭಾವ ಮದ್ದುಸೊಪ್ಪಿನ ತಂಟೆಗೆ ಮಾತ್ರ ಹೋಗುವುದಿಲ್ಲ. ಕಕ್ಕಡದ 18ನೇ ದಿನ, ಆಗಸ್ಟ್ 3ಕ್ಕೆ, ಆ ಗಿಡದಲ್ಲಿ 18 ಬಗೆ ಮದ್ದು ಕೂಡಿರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಎರಡು ದಿನ ಮೊದಲೇ ಸೊಪ್ಪು ಬೇಯಿಸಿ ನೋಡೋಣ್ವಾ ಭಾವ, ಬಣ್ಣ ಬರ್ತದಾ ಇಲ್ವಾ ಗೊತ್ತಾಗ್ತದೆ ಅಂದೆ. "ಅದನ್ನೆಲ್ಲ ಪರೀಕ್ಷೆ ಮಾಡ್ಬಾರ್ದು" ಅಂದುಬಿಟ್ಟರು. ಹಬ್ಬದ ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಮಾತ್ರ ಅವರದೇ ಫೋನು: "ನಿಂಗೆ ಕೆಂಪು ಬಂತಾ? ನಂಗೆ ಬಂತು." ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ. ಹಾಗಾಗಿ ಕೊಡಗಿನಲ್ಲಿ ವರ್ಷಕ್ಕೊಂದು ದಿನ ಸಭ್ಯಸ್ಥರು ಪರಸ್ಪರ ಮೂತ್ರದ ಬಣ್ಣ ವಿಚಾರಿಸಿಕೊಳ್ಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ನಿನ್ನೆ ಮತ್ತೆ ಬಂದಿದ್ದರು. ಜೇನು ಖಾಲಿ ಮಾಡಿದ್ದಕ್ಕೆ ಅಕ್ಕ ಬೈದಿರಬೇಕು, ಒಂದು ಪ್ಯಾಕೆಟ್ ಕಾಫಿಪುಡಿ ತಂದಿದ್ದರು. "ನಾವು ಕುಡಿಯೋದು ಇದೇ. ಪ್ಯೂರ್." ಸ್ವಂತ ರೋಬಸ್ಟಾ ತೋಟ ಇರುವವರು, ಚೆರಿ ಕಾಫಿಯನ್ನೆಲ್ಲ ಮಾರಿ, ಪೇಟೆಯಿಂದ ಪುಡಿ ಕೊಂಡು ಕುಡಿಯುತ್ತಾರೆ. ಇರಲಿ, ನಮ್ಮಲ್ಲಿ ಅರ್ಧ ಮನೆಗಳ ಕಥೆ ಇದೇ.

ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದು ಕಾಫಿಯದ್ದು. ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಅದಕ್ಕೆ ಬೆರೆಸುವ ಚಿಕೋರಿ ಬೇರಿನ ಪುಡಿ ಬಣ್ಣ ಬಿಡುತ್ತಾ ಬೇಗ ಮುಳುಗುತ್ತದೆ. ನಾನು ಗಾಜಿನ ಲೋಟಕ್ಕೆ ನೀರು ತುಂಬಿ ಭಾವನ ಮುಂದಿಟ್ಟೆ. "ನೋಡೇ ಬಿಡೋಣ" ಅಂದೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

ಚಮಚದಿಂದ ಉದುರಿಸಿದ್ದೇ ತಡ, ಕಂದು ಎಳೆಗಳು ಸರಸರ ಕೆಳಗಿಳಿದವು. ಒಂದಿಷ್ಟು ಪುಡಿ ಮೇಲೆ ಉಳಿಯಿತು, ಮರ್ಯಾದೆಗೆ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಕಾಫಿ 60%, ಚಿಕೋರಿ 40% ಅಂತ ಅಚ್ಚಾಗಿಯೇ ಇದೆ. ಮೋಸ ಏನಿಲ್ಲ, ಕಾಫಿ 51%ಕ್ಕಿಂತ ಕಡಿಮೆ ಇರಬಾರದು ಅಂತಷ್ಟೇ ಕಾನೂನು. ಭಾವ ಹಣೆ ಮೇಲಿನ ಕನ್ನಡಕ ಕೆಳಗಿಳಿಸಿ ಓದಿದರು. ಲೋಟ ನೋಡಿದರು. ಮತ್ತೆ ಓದಿದರು.

ಎಡಗೈ ಎದ್ದಿತು. ನಮ್ಮ ಬಾವಿ ನೀರು ಸರಿ ಇಲ್ಲವಂತೆ. ಬರುವ ವಾರ ಅವರ ಮನೆಯ ನೀರನ್ನು ಕ್ಯಾನಿನಲ್ಲಿ ತರುತ್ತಾರಂತೆ.