ಅತ್ತೆ ಕಂಟೆಂಟ್ ಅಲ್ಲ

ನಿನ್ನೆ ಶಿವಮೊಗ್ಗದಿಂದ ಸಾಗರಕ್ಕೆ ಬರುವ ಬಸ್ಸಿನಲ್ಲಿ ಕೂತು ಇದನ್ನು ಮನಸ್ಸಿನಲ್ಲೇ ನಾಲ್ಕು ಸಲ ಬರೆದೆ. ಕುಂಸಿ ದಾಟುವಾಗ ಬೈಗುಳ ಜಾಸ್ತಿ ಇತ್ತು. ಆನಂದಪುರ ಬರುವ ಹೊತ್ತಿಗೆ ಸ್ವಲ್ಪ ಇಳಿಯಿತು. ಈಗ ರಾತ್ರಿ ಹನ್ನೊಂದು ಗಂಟೆ. ಪಕ್ಕದ ಕೋಣೆಯಲ್ಲಿ ಮಗಳು ಗಣಿತ ಬಾಯಿಪಾಠ ಮಾಡುತ್ತಿದ್ದಾಳೆ. (ಗಣಿತವನ್ನು ಯಾರಾದರೂ ಬಾಯಿಪಾಠ ಮಾಡುತ್ತಾರಾ ಅಂತ ಕೇಳಬೇಡಿ. ಇವಳು ಮಾಡುತ್ತಾಳೆ.) ಅವಳು ಮಲಗುವವರೆಗೆ ನಾನೂ ಮಲಗುವಂತಿಲ್ಲ. ಹಾಗಾಗಿ ಉಳಿದಿದ್ದನ್ನು ಇಲ್ಲಿ ಸುರಿಯುತ್ತಿದ್ದೇನೆ.

ಹೋಗಿದ್ದು ಒಂದು ತರಬೇತಿಗೆ. ಮನೆಯಲ್ಲೇ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ. ಹಪ್ಪಳದವರು, ಮಸಾಲೆ ಪುಡಿಯವರು, ಸೀರೆಗೆ ಕುಚ್ಚು ಹಾಕುವವರು, ಉಪ್ಪಿನಕಾಯಿಯ ನಾನು. ಬೆಳಿಗ್ಗೆಯ ಕ್ಲಾಸು ನಿಜಕ್ಕೂ ಚೆನ್ನಾಗಿತ್ತು. ಲೇಬಲ್ ಮೇಲೆ ಏನಿರಬೇಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಹೇಗೆ ಕಾಣಬೇಕು, ಎಣ್ಣೆ ಇರುವ ಬಾಟಲಿ ಸೋರದ ಹಾಗೆ ಮುಚ್ಚಳದ ಕೆಳಗೆ ಏನು ಹಾಕಬೇಕು, ಇಂಥವೇ. ಪಾಠ ಮಾಡಿದ ಹೆಂಗಸಿಗೆ ಕೈ ಮುಗಿಯಬೇಕು. ಎರಡು ಪುಟ ನೋಟ್ಸ್ ಬರೆದುಕೊಂಡೆ.

ಮಧ್ಯಾಹ್ನ ಊಟ ಆದಮೇಲೆ ಬಂದ ಒಬ್ಬ ಹುಡುಗ. ಮಾರ್ಚ್ ತಿಂಗಳ ಆ ಸೆಖೆಯಲ್ಲಿ ಕೋಟು. ಮೈಕ್ ಹಿಡಿದವನೇ ಮೊದಲು ಹೇಳಿದ್ದು ಇದು: "ಮೇಡಂ, ನಿಮ್ಮ ಪ್ರಾಡಕ್ಟ್ ಯಾರಿಗೂ ಬೇಡ. ಜನಕ್ಕೆ ಬೇಕಾಗಿರೋದು ನಿಮ್ಮ ಸ್ಟೋರಿ. ನಿಮ್ಮ ಫ್ಯಾಮಿಲಿನೇ ನಿಮ್ಮ ಕಂಟೆಂಟ್."

ದಿನಕ್ಕೆ ಮೂರು ರೀಲ್ಸ್ ಹಾಕಬೇಕಂತೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಎಲ್ಲರೂ ಫೋನ್ ಹಿಡಿದು ಮಲಗುವ ಹೊತ್ತಿಗೆ ಒಂದು. ಗಂಡ ಪ್ಯಾಕಿಂಗ್‌ಗೆ ಸಹಾಯ ಮಾಡುತ್ತಾರಾ? ಹಾಕಿ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಾ? ಇನ್ನೂ ಒಳ್ಳೆಯದು, "ಎಮೋಷನ್ ಇದೆ". ಪುಸ್ತಕ ಹಿಡಿದು ಕೂತ ಮಗಳಿಗೆ ಅಮ್ಮ ಮೊಸರನ್ನ ಉಪ್ಪಿನಕಾಯಿ ತಂದು ಕೊಡುವುದು, ಸ್ಲೋ ಮೋಷನ್‌ನಲ್ಲಿ. ಅತ್ತೆ ಇದ್ದಾರಾ? "ಅಯ್ಯೋ ಮೇಡಂ, ಅಜ್ಜಿ ಇದ್ರೆ ಜಾಕ್‌ಪಾಟ್!"

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಆ ನಗುವಿಗೇ ಈಗ ಸಿಟ್ಟು ಬರುತ್ತಿರುವುದು.

ಯಾಕೆ ಅಂದರೆ, ಆ ಜಾಕ್‌ಪಾಟ್ ನಾನು ಹೋದ ವರ್ಷವೇ ಹೊಡೆದಾಗಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿ. ಅದರ ಉಪ್ಪಿನಕಾಯಿ ಹಪ್ಪಳದ ಹಾಗಲ್ಲ, ಬೇಕಾದಾಗ ಮಾಡಲು ಬರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಿಡಿ ಬರಬೇಕು. ಹೊಳೆ ದಂಡೆಯ ಆ ಎತ್ತರದ ಮರ ಹತ್ತಿ, ತೊಟ್ಟು ಮುರಿಯದ ಹಾಗೆ, ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಇಳಿಸಬೇಕು. ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೆ ಇಡೀ ಜಾಡಿ ಹಾಳು. ತಂದ ದಿನವೇ ಆರಿಸಿ, ತೊಳೆದು, ಒರೆಸಿ, ಹರಳುಪ್ಪಿಗೆ ಹಾಕಬೇಕು. ನಾಳೆ ಅನ್ನುವ ಹಾಗಿಲ್ಲ. ವಾರಗಟ್ಟಲೆ ಉಪ್ಪಿನಲ್ಲಿ ಕೂತು ಮಿಡಿ ಸುಕ್ಕಾಗಿ ನೀರು ಬಿಡುತ್ತದೆ. ಅದೇ ನೀರನ್ನು ಕುದಿಸಿ ಆರಿಸಿ, ಸಾಸಿವೆ ಮತ್ತು ಬ್ಯಾಡಗಿ ಮೆಣಸು ಅರೆಯುವುದು. ಒದ್ದೆ ಕೈ ತಾಗುವಂತಿಲ್ಲ. ಅವಸರದವರ ಕೈ ತಾಗಲೇಬಾರದು ಅನ್ನುತ್ತಾರೆ ನಮ್ಮತ್ತೆ. ಅದು ಸೊಸೆಗೆ ಹೇಳಿದ್ದು ಅಂತ ನನಗೆ ಅರ್ಥ ಆಗುತ್ತದೆ.

ಈಗ ಲೆಕ್ಕ ಹಾಕಿ. ಮಿಡಿ ಸೀಸನ್ ಮತ್ತು ಹತ್ತನೇ ಕ್ಲಾಸಿನ ಪರೀಕ್ಷೆ, ಎರಡೂ ಮಾರ್ಚ್ ಆಸುಪಾಸು. ವರ್ಷವಿಡೀ ಖಾಲಿ ಕೂತ ಕಷ್ಟಗಳೆಲ್ಲ ಇದೇ ತಿಂಗಳಿಗೆ ಬುಕ್ ಮಾಡಿಕೊಂಡು ಬರುತ್ತವೆ. ಇದರ ನಡುವೆ ನಾನು ದಿನಕ್ಕೆ ಮೂರು ಸಲ ಸ್ಲೋ ಮೋಷನ್‌ನಲ್ಲಿ ಮೊಸರನ್ನ ಕೊಡಬೇಕು.

ಹೋದ ವರ್ಷದ ಕಥೆ ಹೇಳುತ್ತೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ.

ನಮ್ಮ ಮನೆಯಲ್ಲಿ ಸಾಸಿವೆ ಅರೆಯುವುದು ಗ್ರೈಂಡರ್‌ನಲ್ಲಿ. ಹತ್ತು ವರ್ಷದಿಂದ ಹಾಗೇ. ಆದರೆ ರೀಲ್ಸ್‌ನಲ್ಲಿ ಗ್ರೈಂಡರ್ ಚೆನ್ನಾಗಿ ಕಾಣುವುದಿಲ್ಲ ನೋಡಿ. ಅದಕ್ಕೆ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಒರಳನ್ನು ಎಳೆದು ತಂದೆವು. ಜೇಡರ ಬಲೆ ತೆಗೆದು ತೊಳೆದೆ. ಎಪ್ಪತ್ತೊಂದು ವರ್ಷದ ಅತ್ತೆಗೆ ಇಳಕಲ್ ಸೀರೆ ಉಡಿಸಿದೆ. (ನಮ್ಮ ಕಡೆ ಯಾರೂ ಇಳಕಲ್ ಸೀರೆ ಉಟ್ಟು ಸಾಸಿವೆ ಅರೆಯುವುದಿಲ್ಲ. ಅತ್ತೆಯದ್ದು ಮನೆಯಲ್ಲಿ ನೈಟಿ, ಮೇಲೊಂದು ಟವೆಲ್.) ಕಿಟಕಿಯ ಬೆಳಕು ಬೀಳುವ ಕಡೆ ಕೂರಿಸಿದೆ. ಪಾಪ, ಅವರಿಗೂ ಖುಷಿಯೇ ಆಗಿತ್ತು.

ಮೊದಲ ಸಲ ಅರೆಯುವಾಗ ನಾಯಿ ಬೊಗಳಿತು. "ಅತ್ತೆ, ಇನ್ನೊಂದ್ಸಲ." ಎರಡನೇ ಸಲ ಅವರು ಕ್ಯಾಮೆರಾ ನೋಡಿಬಿಟ್ಟರು. "ಅತ್ತೆ, ಇನ್ನೊಂದೇ ಒಂದ್ಸಲ." ಮೂರನೇ ಸಲ ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬಂತು, ಭುಜ ಹಿಡಿದುಕೊಂಡಿತು. ಅವರು ಕೈ ಬಿಟ್ಟು "ಅಮ್ಮಾ" ಅಂದರು. ನಾನು ತಕ್ಷಣ ಎದ್ದು ಹೋಗಲಿಲ್ಲ. ಫೋನಿನಲ್ಲಿ ರೆಕಾರ್ಡ್ ಆಗಿದೆಯಾ ಅಂತ ನೋಡಿದೆ. ಆಮೇಲೆ ಎದ್ದೆ.

ಹತ್ತು ದಿನ ಭುಜಕ್ಕೆ ಎಣ್ಣೆ ತಿಕ್ಕಿದ್ದು ಬೇರೆ ಮಾತು. ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆ ರೀಲ್ಸ್ ಓಡಿತು ಮಾರಾಯ್ರೆ! ನೀವೇ ಎಷ್ಟೋ ಜನ ಹಂಚಿಕೊಂಡಿದ್ದಿರಿ. ಒಂದು ಲಕ್ಷ ಎಂಬತ್ತು ಸಾವಿರ ಜನ ನೋಡಿದರು. "ಅಜ್ಜಿ ಸೂಪರ್", "ನಮ್ಮಜ್ಜಿ ನೆನಪಾದ್ರು", ಕೆಂಪು ಹೃದಯಗಳ ಮಳೆ. ಒಬ್ಬರು ಮಾತ್ರ ಬರೆದಿದ್ದರು: "ಈ ವಯಸ್ಸಲ್ಲಿ ಅವರ ಹತ್ರ ದುಡಿಸ್ತೀರಲ್ಲ, ನಾಚಿಕೆ ಆಗಲ್ವಾ?" ಅಷ್ಟು ಜನರಲ್ಲಿ ಸರಿಯಾಗಿ ನೋಡಿದ್ದು ಅವರೊಬ್ಬರೇ. ಅವರನ್ನು ಬ್ಲಾಕ್ ಮಾಡಿದೆ.

ಈಗ ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ಗೊತ್ತು. "ಏನೇ ಅನ್ನು, ಅದರಿಂದ ವ್ಯಾಪಾರ ಆಯ್ತಲ್ವಾ?" ಆಯ್ತು. ಸುಳ್ಳು ಹೇಳುವುದಿಲ್ಲ. ಒಂದೇ ವಾರದಲ್ಲಿ 64 ಹೊಸ ಆರ್ಡರ್. ಬೆಂಗಳೂರು, ಪುಣೆ, ಒಬ್ಬರು ದುಬೈಯಿಂದಲೂ ಕೇಳಿದರು. ಜಾಡಿ ತಳ ಕಂಡಿತು. ನಮ್ಮೆಜಮಾನರು ತೋಟದ ಕೆಲಸ ಬಿಟ್ಟು ಬಾಟಲಿಗೆ ಬಬಲ್ ರ‍್ಯಾಪ್ ಸುತ್ತುತ್ತಾ ಕೂತರು.

ಆದರೆ ನನ್ನ ಹತ್ತಿರ ಒಂದು ಕೆಂಪು ರಟ್ಟಿನ ಪುಸ್ತಕ ಇದೆ. ನಿನ್ನೆ ರಾತ್ರಿ ಬಂದು ಅದನ್ನೇ ತೆಗೆದು ನೋಡಿದೆ. ಆ 64 ಜನರಲ್ಲಿ ಮತ್ತೆ ತರಿಸಿದವರು ಐದು ಜನ. ಉಳಿದವರು ಈಗ ಇನ್ಯಾವುದೋ ಅಜ್ಜಿಯನ್ನು ನೋಡುತ್ತಿರಬೇಕು. ಅದೇ ಪುಟದ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲು ಇದೆ: "ಧಾರವಾಡ ಟೀಚರ್, 4 ಬಾಟ್ಲಿ, ಸ್ಟಾಕ್ ಇಲ್ಲ." ಏಳು ವರ್ಷದಿಂದ ಪ್ರತಿ ವರ್ಷ ತಪ್ಪದೆ ನಾಲ್ಕು ಬಾಟಲಿ ತರಿಸುತ್ತಿದ್ದವರು. ಒಂದು ಲೈಕ್ ಒತ್ತಿದವರಲ್ಲ. ಅವರ ಹತ್ತಿರ ಸ್ಮಾರ್ಟ್ ಫೋನ್ ಇದೆಯೋ ಇಲ್ಲವೋ ಗೊತ್ತಿಲ್ಲ. ಅವರಿಗೆ ಇಲ್ಲ ಅಂದೆ. ಈ ವರ್ಷ ಅವರ ಫೋನ್ ಇನ್ನೂ ಬಂದಿಲ್ಲ.

ಕೋಟಿನ ಹುಡುಗ ಹೇಳಿದ ಇನ್ನೊಂದು ಮಾತು: "ಇದೆಲ್ಲ ಫ್ರೀ ಮೇಡಂ, ಫ್ರೀ ಅಡ್ವರ್ಟೈಸ್‌ಮೆಂಟ್!" ಯಾವುದು ಫ್ರೀ? ಅತ್ತೆಯ ಭುಜ ಫ್ರೀಯಾ? ನನ್ನ ಮಗಳನ್ನು ಹೋದ ವರ್ಷ ಕ್ಲಾಸಿನಲ್ಲಿ "ಮಿಡಿ, ಏ ಮಿಡಿ" ಅಂತ ಕರೆಯುತ್ತಿದ್ದರು. "ಅಮ್ಮ, ಇನ್ಮೇಲೆ ನನ್ನ ಮುಖ ಹಾಕಬೇಡ" ಅಂದಳು. ಸರಿ ಅಂದೆ. ಮುಂದಿನ ವಾರವೇ ಅವಳ ಕೈ ಮಾತ್ರ ಕಾಣುವ ಹಾಗೆ ಒಂದು ಹಾಕಿದೆ. ಕೈಯಲ್ಲಿದ್ದ ಹಸಿರು ದಾರ ನೋಡಿ ಅವಳ ಗೆಳತಿಯರಿಗೆ ಗೊತ್ತಾಯಿತು. ಅವಳು ಮನೆಗೆ ಬಂದು ಜಗಳ ಮಾಡಲಿಲ್ಲ. ಸುಮ್ನೆ ದಾರ ಬಿಚ್ಚಿ ಟೇಬಲ್ ಮೇಲೆ ಇಟ್ಟಳು. "ಮುಖ ಹಾಕಿಲ್ಲ ಅಲ್ವಾ" ಅಂದೆ ನಾನು. ವಕೀಲರ ಹಾಗೆ.

ಫ್ರೀಯಂತೆ.

ಅಪ್ಪನಿಗೆ ಪೇಟೆಯಲ್ಲಿ ದಿನಸಿ ಅಂಗಡಿ ಇತ್ತು, ಹಳಬರಿಗೆ ಗೊತ್ತು. ರಾತ್ರಿ ಎಂಟೂವರೆಗೆ ಹಲಗೆ ಹಾಕುತ್ತಿದ್ದರು. ಒಂದೊಂದೇ ಹಲಗೆ, ಅದಕ್ಕೆ ನಂಬರ್. ಕೊನೆಯ ಹಲಗೆ ಹಾಕಿದಮೇಲೆ ಯಾರಾದರೂ ಬಂದರೆ "ನಾಳೆ ಬನ್ನಿ" ಅಷ್ಟೇ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನಗೆ ರಾತ್ರಿ ಹನ್ನೊಂದೂಮುಕ್ಕಾಲಿಗೆ "ರೇಟ್ ಪ್ಲೀಸ್" ಅಂತ ಮೆಸೇಜ್ ಬರುತ್ತದೆ. ಹನ್ನೆರಡಕ್ಕೆ "ಆನ್‌ಲೈನ್ ಇದ್ದೀರಾ, ಉತ್ತರ ಕೊಡಲ್ಲ" ಅಂತ ಬರುತ್ತದೆ. ರೇಟು ಮೇಲೆಯೇ ಬರೆದಿರುತ್ತದೆ, ಅದು ಬೇರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ "ಈಗ ಅಂಗಡಿ ಮುಚ್ಚಿದೆ" ಅಂತ ತಾನಾಗೇ ಹೋಗುವ ಮೆಸೇಜ್ ಇಟ್ಟೆ. ಅದಕ್ಕೂ ಒಬ್ಬರು "ಓಕೆ, ರೇಟ್ ಪ್ಲೀಸ್" ಅಂದರು.

2021ರಲ್ಲಿ ನಮ್ಮ ಸರ್ಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಅಂಗಡಿಗಳು ದಿನದ 24 ಗಂಟೆ ತೆರೆದಿರಬಹುದು ಅಂತ ಅನುಮತಿ ಕೊಟ್ಟಿತು. ನನ್ನ ಹತ್ತಿರ ಇರುವುದು ನಾನು, ಅರ್ಧ ಗಂಡ, ಕಾಲು ಅತ್ತೆ. ಆದರೂ ನಾನು 24 ಗಂಟೆ ತೆರೆದೇ ಇದ್ದೇನೆ, ಯಾರೂ ಅನುಮತಿ ಕೇಳಲಿಲ್ಲ.

ಮನೆ ಯಾವುದು, ಅಂಗಡಿ ಯಾವುದು ಅಂತ ಗೊತ್ತಾಗದ ಹಾಗೆ ಆಗಿರುವುದೇ ಇದರ ಮೂಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿತ್ತು, ನೆನಪಿದೆಯಾ? ಬೆಂಗಳೂರಿನ ಬೇಕರಿ, ಟೀ ಅಂಗಡಿಗಳ ಮುಂದೆ "ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಿತ್ತು. ನನಗೆ ನೋಟಿಸ್ ಬರುವ ಮಾತೇ ಇರಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 40 ಲಕ್ಷ, ನಾನು ಅದರ ಕಾಲು ಭಾಗದ ಹತ್ತಿರವೂ ಇಲ್ಲ. ಆದರೂ ಹೆದರಿ ಒಂದು ರಾತ್ರಿ ಕೂತು ಖಾತೆ ನೋಡಿದೆ. ಉಪ್ಪಿನಕಾಯಿ ದುಡ್ಡು, ಅಡಿಕೆ ಅಡ್ವಾನ್ಸ್, ಅತ್ತೆಯ ಬಿಪಿ ಮಾತ್ರೆ, ತಮ್ಮ ವಾಪಸ್ ಕೊಟ್ಟ ಸಾಲ, ಚೀಟಿ ಹಣ, ಎಲ್ಲ ಒಂದೇ ಕ್ಯೂಆರ್ ಕೋಡ್‌ನಲ್ಲಿ. ಯಾವುದು ವ್ಯಾಪಾರ, ಯಾವುದು ಸಂಸಾರ ಅಂತ ನನಗೇ ಹೇಳಲು ಆಗಲಿಲ್ಲ. ಮಾರನೇ ದಿನವೇ ಬೇರೆ ಖಾತೆ ತೆರೆದೆ. ದುಡ್ಡಿಗೆ ಬುದ್ಧಿ ಬಂತು. ಮನೆಯವರಿಗೆ ಬೇರೆ ಖಾತೆ ಮಾಡಬೇಕು ಅಂತ ಹೊಳೆಯಲಿಲ್ಲ.

"ಬೇಡದಿದ್ದರೆ ಹಾಕಬೇಡ, ಯಾರು ಒತ್ತಾಯ ಮಾಡಿದ್ದು?" ಅಂತಲೂ ಹೇಳುತ್ತೀರಿ. ನಿನ್ನೆ ಹಪ್ಪಳದ ಹುಡುಗಿಯೊಬ್ಬಳು ಇದನ್ನೇ ಹೇಳಿದಳು, ತುಂಬ ಜೋರಾಗಿ. ಅವಳಿಗೆ ಗಂಡನ ಸಂಬಳ ಇದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ತೋಟದವರನ್ನು ಕೇಳಿ ನೋಡಲಿ, ಒತ್ತಾಯ ಯಾರದ್ದು ಅಂತ. ಇದಕ್ಕಿಂತ ಜಾಸ್ತಿ ಉತ್ತರ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿ ನಾನೇ ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ ಅಂತ ನಗುತ್ತಿದ್ದೀರಾ? ನಗಿ. ಬರೆಯುವುದು ನನಗಿಷ್ಟ. ಬಾಟಲಿಯ ಫೋಟೋ ಹಾಕುತ್ತೇನೆ, ಮಿಡಿಯದ್ದು ಹಾಕುತ್ತೇನೆ. ಜೀರಿಗೆ ಮಿಡಿಯ ಸೊನೆಯ ವಾಸನೆ ಬಗ್ಗೆ ಒಂದು ಪುಟ ಬೇಕಾದರೂ ಬರೆಯುತ್ತೇನೆ. ಒರಳಿನ ರೀಲ್ಸ್ ತೆಗೆದಿದ್ದೇನೆ, ಇವತ್ತು ಬೆಳಿಗ್ಗೆ. ಅದನ್ನು ನೋಡಿ ಕೈಯಲ್ಲಿ ಅರೆದ ಸಾಸಿವೆ ಅಂತ ಕೊಂಡವರಿಗೆ: ಅದು ಗ್ರೈಂಡರ್. ಹೇಳಬೇಕಿತ್ತು, ಹೇಳಲಿಲ್ಲ. ಬ್ಲಾಕ್ ಮಾಡಿದವರನ್ನು ಬಿಡಿಸಿದ್ದೇನೆ, ಅವರು ಇದನ್ನು ಓದಿದರೆ ಒಳ್ಳೆಯದು.

ಅತ್ತೆಗೆ ಕೋಟಿನ ಹುಡುಗನ ವಿಷಯ ಹೇಳಿದೆ. ವೀಳ್ಯದೆಲೆ ಒರೆಸುತ್ತಾ ಕೇಳಿದರು. "ದಿನಾ ಮೂರಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ನಿಗೆ ಅತ್ತೆ ಇಲ್ಲ ಕಾಣ್ತು" ಅಂದರು.

ನಾಳೆ ಬೆಳಿಗ್ಗೆ ಆರಕ್ಕೆ ಎರಡು ಸಾವಿರ ಮಿಡಿ ಬರುತ್ತದೆ. ನಾಡಿದ್ದು ಗಣಿತ ಪರೀಕ್ಷೆ. ಎರಡೂ ದಿನ ಫೋನ್ ಅತ್ತೆಯ ಹತ್ತಿರ. ಅವರು ಅದರಲ್ಲಿ ಯಕ್ಷಗಾನ ನೋಡುತ್ತಾರೆ, ಮಧ್ಯದಲ್ಲಿ ಯಾರದಾದರೂ ಕರೆ ಬಂದರೆ ಕಟ್ ಮಾಡುತ್ತಾರೆ. ಧಾರವಾಡದ ನಂಬರ್ ಬಂದರೆ ಮಾತ್ರ ಎತ್ತಿ ಅಂತ ಹೇಳಿ ಕೊಟ್ಟಿದ್ದೇನೆ. ಭಾಗವತರು ಪದ ಹಾಡುವಾಗ ಬಂದರೆ ಅದನ್ನೂ ಎತ್ತುತ್ತಾರೋ ಇಲ್ಲವೋ, ಗ್ಯಾರಂಟಿ ಇಲ್ಲ.